ಎದೆಯೊಳಗಿನ ಧೂಳಿನ ಲೆಕ್ಕ ಬರೆಯೋರು ಯಾರು?



ಕೆಜಿಎಫ್ ಅಂದ ತಕ್ಷಣ ಈಗ ಇಡೀ ದೇಶಕ್ಕೆ ನೆನಪಾಗೋದು ಯಶ್, ಆ ಗಡ್ಡ, ಆ ದೊಡ್ಡ ಸುತ್ತಿಗೆ. ಸಿನಿಮಾ ಚೆನ್ನಾಗಿತ್ತು. ನಮ್ಮಂಥ ಚಾನೆಲ್‌ಗಳು ಅದರ ಬಗ್ಗೆ ಗಂಟೆಗಟ್ಟಲೆ ಕಾರ್ಯಕ್ರಮ ಮಾಡಿದವು. ಆದರೆ ಆ ಸಿನಿಮಾಗೆ ಸೆಟ್ ಹಾಕಿದ್ದು ಎಲ್ಲಿ ಗೊತ್ತಾ? ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ. ಚಿನ್ನ ತೆಗೆದ ಮೇಲೆ ಉಳಿದ ಪುಡಿಗಲ್ಲನ್ನು ನೂರು ವರ್ಷ ತಂದು ಸುರಿದೂ ಸುರಿದೂ ಎದ್ದು ನಿಂತಿರುವ ಗುಡ್ಡಗಳು ಅವು. ಒಟ್ಟು 13 ದಿಬ್ಬ, ಸಾವಿರ ಎಕರೆ ಜಾಗ, ಸುಮಾರು 3.3 ಕೋಟಿ ಟನ್ ಪುಡಿ. ಅದರಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರಲ್ಲಿ ನಮ್ಮ ರಾಜ್ಯ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿದೆ. ಅಂದರೆ ದಿಬ್ಬದೊಳಗೆ ಚಿನ್ನ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕಿದವರು ಇದ್ದಾರೆ.

ಇವತ್ತು ನಾನು ಕೇಳ್ತಿರೋದು ಇನ್ನೊಂದು ಲೆಕ್ಕ. ಆ ಚಿನ್ನಕ್ಕಾಗಿ ಭೂಮಿಯೊಳಗೆ ಇಳಿದು ಬಂದವರ ಎದೆಯೊಳಗೆ ಧೂಳು ಎಷ್ಟು ಉಳಿದಿದೆ?

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರುಮಾಡಿದ್ದು, 1956ರಲ್ಲಿ ಮೈಸೂರು ಸರ್ಕಾರಕ್ಕೆ, ಆಮೇಲೆ ಕೇಂದ್ರಕ್ಕೆ, ಕೊನೆಗೆ ಬಿಜಿಎಂಎಲ್ ಅಂತ ಹೆಸರಾಗಿ, ಒಂದು ದಿನ ಬಾಗಿಲು ಹಾಕಿತು. ಮೂರು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಆಗ 40 ವರ್ಷದವನಾಗಿದ್ದವನಿಗೆ ಇವತ್ತು 65ರ ಆಸುಪಾಸು. ಆಗ 50 ಆಗಿದ್ದವನಿಗೆ 75. ಅದಕ್ಕಿಂತ ದೊಡ್ಡವರು ಎಷ್ಟೋ ಜನ ಈಗಾಗಲೇ ಹೋಗಿಬಿಟ್ಟಿದ್ದಾರೆ. ಇನ್ನೊಂದು ಹದಿನೈದು ವರ್ಷ ಕಳೆದರೆ, ಚಾಂಪಿಯನ್ ರೀಫ್ಸ್‌ನ ಆಳಕ್ಕೆ ಇಳಿದು ಬಂದವರನ್ನು ಹುಡುಕಿಕೊಂಡು ಹೋಗಬೇಕಾಗುತ್ತೆ. ಹಾಗಾಗಿ ಈ ಮಾತಿಗೆ ಅವಸರ ಇದೆ.

ಸಿಲಿಕೋಸಿಸ್ ಅನ್ನೋ ಕಾಯಿಲೆ ಬಗ್ಗೆ ಕೆಲವರು ಕೇಳಿರ್ತೀರಿ. ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರದೊಳಗೆ. ಅದನ್ನು ಕೊರೆದರೆ, ಸಿಡಿಸಿದರೆ, ಪುಡಿ ಮಾಡಿದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಅದು ಶ್ವಾಸಕೋಶದ ತಳಕ್ಕೆ ಹೋಗಿ ಕೂತರೆ ಹೊರಗೆ ಬರಲ್ಲ. ಅದರ ಸುತ್ತ ಗಾಯ ಆಗುತ್ತೆ, ಗಾಯ ಗಂಟಾಗುತ್ತೆ, ಮೆತ್ತಗಿದ್ದ ಶ್ವಾಸಕೋಶ ನಿಧಾನಕ್ಕೆ ಗಟ್ಟಿಯಾಗುತ್ತೆ. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಗಣಿ ಬಿಟ್ಟ ಮೇಲೂ ಈ ಕಾಯಿಲೆ ಮುಂದುವರಿಯಬಹುದು. ಗಣಿ ಮುಚ್ಚಿ ಹತ್ತು, ಇಪ್ಪತ್ತು ವರ್ಷ ಆದ ಮೇಲೂ ಅದು ಮೊದಲ ಸಲ ಪತ್ತೆಯಾಗಬಹುದು. ಪೂರ್ತಿ ಗುಣ ಮಾಡುವ ಔಷಧಿ ಇಲ್ಲ. ಜೊತೆಗೆ ಸಿಲಿಕಾ ಕೂತ ಎದೆಗೆ ಕ್ಷಯ ಬರುವ ಸಾಧ್ಯತೆಯೂ ಉಳಿದವರಿಗಿಂತ ಬಹಳ ಹೆಚ್ಚು.

ಇದು ಹೊಸದಾಗಿ ಗೊತ್ತಾದದ್ದು ಅಂದುಕೋಬೇಡಿ. 1940ರ ಹೊತ್ತಿಗೇ ಮೈಸೂರು ಸಂಸ್ಥಾನದಲ್ಲಿ ಸಿಲಿಕೋಸಿಸ್‌ಗೆ ಪರಿಹಾರ ಕೊಡಬೇಕು ಅನ್ನೋ ನಿಯಮ ಬಂದಿತ್ತು. ಅದೇ ದಶಕದಲ್ಲಿ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷೆ ಮಾಡಿದರು. ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್! ನಮ್ಮ ದೇಶದಲ್ಲಿ ಈ ಕಾಯಿಲೆ ಬಗ್ಗೆ ಬರೆಯುವ ಯಾರೇ ಆದರೂ ಇವತ್ತಿಗೂ ಮೊದಲ ಸಾಲಿನಲ್ಲಿ ಕೋಲಾರದ ಹೆಸರು ಬರೀತಾರೆ. ಪಠ್ಯಪುಸ್ತಕಕ್ಕೆ ಅಂಕಿ ಕೊಟ್ಟ ಊರು ಇದು. ಆಮೇಲೆ ಧೂಳು ಏಳದಂತೆ ನೀರು ಹಾಯಿಸಿ ಕೊರೆಯುವ ಪದ್ಧತಿ ಬಂತು, ಪರಿಸ್ಥಿತಿ ಸುಧಾರಿಸಿತು. ಧೂಳು ಕಡಿಮೆ ಆಯ್ತೇ ಹೊರತು ಪೂರ್ತಿ ನಿಲ್ಲಲಿಲ್ಲ.

ಈಗ ಒಬ್ಬ ತಾತನನ್ನು ಕಲ್ಪಿಸಿಕೊಳ್ಳಿ. ಮಾರಿಕುಪ್ಪಂ ಕಡೆ ಲೈನ್ ಮನೆಯಲ್ಲಿ ಇದ್ದಾರೆ. ಮಗ ಬೆಳಗಿನ ಜಾವ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೆಲಸಕ್ಕೆ ಹೋದ. ಬರೋದು ರಾತ್ರಿ. ಕೆಜಿಎಫ್‌ನಿಂದ ದಿನಾ ಹೀಗೆ ಹೋಗಿ ಬರುವವರು ಸಾವಿರಾರು ಜನ. ಹಗಲು ಹೊತ್ತು ಆ ಕಾಲೊನಿಗಳಲ್ಲಿ ಹೆಚ್ಚಾಗಿ ಸಿಗೋರು ವಯಸ್ಸಾದವರು ಮತ್ತು ಚಿಕ್ಕಮಕ್ಕಳು. ತಾತನಿಗೆ ಕೆಮ್ಮು, ಏದುಸಿರು, ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕು. ಆಸ್ಪತ್ರೆಗೆ ಹೋದರೆ ಒಬ್ಬ ಡಾಕ್ಟರ್ ಆಸ್ತಮಾ ಅಂತಾರೆ, ಇನ್ನೊಬ್ಬರು ಟಿಬಿ ಅಂತಾರೆ, ಮೂರನೆಯವರು "ವಯಸ್ಸಾಯ್ತಲ್ಲ ತಾತ" ಅಂತಾರೆ. ಡಾಕ್ಟರ್‌ಗಳನ್ನು ದೂರಿ ಪ್ರಯೋಜನ ಇಲ್ಲ. ಎದುರಿಗೆ ನಲವತ್ತು ಜನ ಸಾಲು ನಿಂತಿರುವಾಗ, "ಇಪ್ಪತ್ತೈದು ವರ್ಷದ ಹಿಂದೆ ನೀವು ಏನು ಕೆಲಸ ಮಾಡ್ತಿದ್ರಿ?" ಅಂತ ಯಾರು ಕೇಳ್ತಾರೆ? ಆ ಒಂದು ಪ್ರಶ್ನೆ ಕೇಳಲು ಪುರುಸೊತ್ತು ಇರುವವರು ಬೇಕು. ನನ್ನ ಪ್ರಕಾರ ಅವರು ಇರೋದು ಕಾಲೇಜುಗಳಲ್ಲಿ.

ವಿಶ್ವವಿದ್ಯಾಲಯಗಳಿಗೆ ಕೆಜಿಎಫ್ ಹೊಸ ಊರೇನಲ್ಲ. 1965ರಲ್ಲಿ ಮುಂಬೈನ ಟಾಟಾ ಇನ್‌ಸ್ಟಿಟ್ಯೂಟ್, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಗಣಿಯ ಆಳದಲ್ಲಿ ಉಪಕರಣ ಇಟ್ಟು, ವಾತಾವರಣದಿಂದ ಬರುವ ನ್ಯೂಟ್ರಿನೊ ಕಣಗಳನ್ನು ಪತ್ತೆ ಮಾಡಿದರು. ಜಗತ್ತಿನಲ್ಲೇ ಮೊದಲು ಪತ್ತೆ ಮಾಡಿದವರ ಸಾಲಿನಲ್ಲಿ ಅವರಿದ್ದಾರೆ. ಹೆಮ್ಮೆಯ ಮಾತು, ಅನುಮಾನವೇ ಇಲ್ಲ. 1988ರಲ್ಲಿ ಬಂಡೆಗಳ ಅಧ್ಯಯನಕ್ಕಂತಲೇ ಒಂದು ರಾಷ್ಟ್ರೀಯ ಸಂಸ್ಥೆ ಕೆಜಿಎಫ್‌ನಲ್ಲಿ ಹುಟ್ಟಿತು. ಬಂಡೆ ಎಲ್ಲಿ ಬಿರಿಯುತ್ತೆ ಅಂತ ಅಳೆದೆವು, ಭೂಮಿಯನ್ನೇ ತೂರಿ ಹೋಗುವ ಕಣವನ್ನು ಹಿಡಿದೆವು. ಅದೇ ಲಿಫ್ಟಿನಲ್ಲಿ ಕೆಳಗೆ ಇಳಿಯುತ್ತಿದ್ದ ಮನುಷ್ಯನ ಉಸಿರನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯೋದು ಕಷ್ಟವೇ?

ಕಷ್ಟ ಅಲ್ಲ ಅನ್ನೋದಕ್ಕೆ ಸಾಕ್ಷಿ ಇದೇ ಕೋಲಾರ ಜಿಲ್ಲೆಯಲ್ಲಿದೆ. ಶ್ರೀನಿವಾಸಪುರಕ್ಕೆ ಹೋಗಿ ನೋಡಿ. ಅಲ್ಲಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಅಂದರೆ ಸೆಂಟರ್ ಫಾರ್ ಬ್ರೈನ್ ರಿಸರ್ಚ್, ಒಂದು ದೊಡ್ಡ ಅಧ್ಯಯನ ನಡೆಸ್ತಾ ಇದೆ. 45 ದಾಟಿದ ಹಳ್ಳಿ ಜನ, ಗುರಿ ಹತ್ತು ಸಾವಿರ ಮಂದಿ. ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಟ್ರಸ್ಟ್ ಈ ಕೇಂದ್ರಕ್ಕೆ ಹಣ ಕೊಟ್ಟಿದೆ. ನೆನಪಿನ ಶಕ್ತಿ, ರಕ್ತ, ಮಿದುಳಿನ ಸ್ಕ್ಯಾನ್ ಎಲ್ಲ ನೋಡ್ತಾರೆ. ಒಂದು ಸಲ ನೋಡಿ ಕೈ ತೊಳೆದುಕೊಳ್ಳಲ್ಲ, ಅದೇ ಮನುಷ್ಯನನ್ನು ವರ್ಷಗಟ್ಟಲೆ ಹಿಂಬಾಲಿಸ್ತಾರೆ. ಮರೆವಿನ ಕಾಯಿಲೆ ಯಾರಿಗೆ ಬರುತ್ತೆ, ಯಾಕೆ ಬರುತ್ತೆ ಅಂತ ತಿಳಿಯಲು ಅದೊಂದೇ ದಾರಿ.

ನನ್ನ ವಾದವೂ ಇಷ್ಟೇ. ಆರೋಗ್ಯ ಶಿಬಿರ ಸಾಕು, ಲೆಡ್ಜರ್ ಬೇಕು.

ಶಿಬಿರ ಹೇಗೆ ನಡೆಯುತ್ತೆ ಅಂತ ನಿಮಗೂ ಗೊತ್ತು. ಶಾಮಿಯಾನ, ಬ್ಯಾನರ್, ದೀಪ ಬೆಳಗಿಸೋದು, ಬಿಪಿ ಶುಗರ್ ನೋಡೋದು, ಒಂದು ಸ್ಟ್ರಿಪ್ ಮಾತ್ರೆ, ಫೋಟೊ. ನಮ್ಮ ಕ್ಯಾಮೆರಾನೂ ಅಲ್ಲೇ ಇರುತ್ತೆ, ಇಲ್ಲ ಅನ್ನಲ್ಲ. ಮುಂದಿನ ವರ್ಷದ ಶಿಬಿರಕ್ಕೆ ಬರೋರು ಬೇರೆ ಡಾಕ್ಟರ್, ಬೇರೆ ರೋಗಿಗಳು. ಹೋದ ವರ್ಷ ಬಂದಿದ್ದ ತಾತ ಇದ್ದಾರೋ ಇಲ್ಲವೋ ಅಂತ ಯಾರೂ ಕೇಳಲ್ಲ.

ಲೆಡ್ಜರ್ ಅಂದರೆ ಏನು? ಒಂದು ಮನೆಗೆ ಒಂದು ಪುಟ. ಎಷ್ಟು ವರ್ಷ ಭೂಮಿಯ ಕೆಳಗೆ ಕೆಲಸ, ಯಾವ ಶಾಫ್ಟ್, ಕೊರೆಯುತ್ತಿದ್ದರೋ ಕಲ್ಲು ತುಂಬುತ್ತಿದ್ದರೋ. ಎದೆ ಎಕ್ಸ್‌ರೇ ಒಂದು. ವರ್ಷಕ್ಕೊಮ್ಮೆ ಸ್ಪೈರೋಮೀಟರ್ ಕೊಳವೆಗೆ ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯೋದು. ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೀತಾರೆ ಅಂತ ನೋಡೋದು. ಇದಕ್ಕೆ ಕಾರಿಡಾರು ಮತ್ತು ಗಡಿಯಾರ ಸಾಕು, ಕೋಟಿ ರೂಪಾಯಿ ಮಶೀನ್ ಬೇಡ. ತೂಕ ಇಳಿದಿದೆಯಾ? ಕಿವಿ ಕೇಳುತ್ತಾ? ಡ್ರಿಲ್ಲಿಂಗ್ ಮಾಡಿದವರ ಕಿವಿ ಹೋಗಿರುತ್ತೆ. ಬೀಡಿ ಬಿಟ್ಟರಾ? ಫ್ಲೂ, ನ್ಯುಮೋನಿಯಾ ಲಸಿಕೆ ಆಗಿದೆಯಾ? ಹಗಲು ಮನೆಯಲ್ಲಿ ಜೊತೆಗೆ ಯಾರಿರ್ತಾರೆ? ಅಜ್ಜಿಯರ ಹೆಸರೂ ಆ ಪುಟದಲ್ಲಿ ಇರಬೇಕು. ಧೂಳು ತುಂಬಿದ ಬಟ್ಟೆ ಒಗೆದವರು ಅವರೇ. ದಿಬ್ಬದಿಂದ ಗಾಳಿ ಬೀಸಿದಾಗ ಬಾಗಿಲು ಮುಚ್ಚಿಕೊಂಡು ಕೂರೋರೂ ಅವರೇ.

ಇದನ್ನು ಮಾಡೋಕೆ ಜನ ಎಲ್ಲಿದ್ದಾರೆ ಅಂತ ಕೇಳ್ತೀರಾ? ಕೋಲಾರದ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ. 1986ರಿಂದ ಇದೆ, ಈಗ ಅದು ಡೀಮ್ಡ್ ವಿಶ್ವವಿದ್ಯಾಲಯದ ಭಾಗ. ಕೆಜಿಎಫ್‌ಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ದೇಶದ ಎಲ್ಲ ಮೆಡಿಕಲ್ ಕಾಲೇಜುಗಳಿಗೂ 2021-22ರ ಬ್ಯಾಚ್‌ನಿಂದ ಒಂದು ನಿಯಮ ಬಂದಿದೆ, ಕುಟುಂಬ ದತ್ತು ಕಾರ್ಯಕ್ರಮ ಅಂತ. ಪ್ರತಿ ಎಂಬಿಬಿಎಸ್ ವಿದ್ಯಾರ್ಥಿ ಕೆಲವು ಕುಟುಂಬಗಳನ್ನು ವಹಿಸಿಕೊಂಡು ವರ್ಷಗಟ್ಟಲೆ ಅವರ ಆರೋಗ್ಯ ನೋಡಿಕೊಳ್ಳಬೇಕು. ಒಬ್ಬರಿಗೆ ಮೂರು ಮನೆ ಅಂತ ಹಿಡಿಯಿರಿ. ಬ್ಯಾಚ್‌ನಲ್ಲಿ 150 ಜನ ಇದ್ದರೆ 450 ಮನೆ. ನಾಲ್ಕು ಬ್ಯಾಚ್ ಆದರೆ 1,800 ಮನೆ. ಗಣಿ ಮುಚ್ಚಿದಾಗ ಇದ್ದ ಕಾರ್ಮಿಕರ ಸಂಖ್ಯೆಯ ಪಕ್ಕ ಈ ಸಂಖ್ಯೆ ಇಟ್ಟು ನೋಡಿ. ಆಗದ ಹೋಗದ ಮಾತಲ್ಲ ಇದು.

ತೊಡಕು ಒಂದಿದೆ. ಆ ಕಾರ್ಯಕ್ರಮ ರೂಪುಗೊಂಡಿರೋದು ಹಳ್ಳಿಗಳಿಗಾಗಿ. ಬಂಗಾರಪೇಟೆಯ ಸುತ್ತಲಿನ ಹಳ್ಳಿಗಳಿಗೆ ಅದು ಬೇಕೇ ಬೇಕು, ತಕರಾರಿಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಮಂಡಿ, ಸೊಂಟ ಬಿಗಿದುಕೊಂಡ ಹಿರಿಯರು ಈ ಜಿಲ್ಲೆಯಲ್ಲಿ ಇದ್ದಾರೆ. ಆದರೆ ಕೆಜಿಎಫ್‌ನ ಗಣಿ ಕಾಲೊನಿ ಹಳ್ಳಿ ಅಲ್ಲ. ಹಾಗಂತ ಅದು ನಗರವೂ ಅಲ್ಲ. ಕಂಪನಿ ಇದ್ದಾಗ ನೀರು, ಕರೆಂಟು, ಆಸ್ಪತ್ರೆ ಎಲ್ಲ ಕಂಪನಿಯದೇ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದೂ ಗಣಿಗಾಗಿಯೇ. ಕಂಪನಿ ಹೋದ ಮೇಲೆ ಯಾವ ಫಾರ್ಮಿನ ಯಾವ ಕಾಲಮ್ಮಿಗೂ ಸರಿಯಾಗಿ ಕೂರದ ಜಾಗ ಆಗಿಬಿಡ್ತು ಅದು. ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಇದೇ ಕೆಜಿಎಫ್‌ನವರು. ಕರೆಂಟು ಮೊದಲು ಬಂದ ಊರಿನ ಕಾಲೊನಿಗಳಲ್ಲಿ ನೀರಿಲ್ಲದ ಒಣ ಶೌಚಾಲಯಗಳು ಇದ್ದವು ಅನ್ನೋದು ನೆನಪಿರಲಿ. ಮೊಣಕಾಲು ಬಗ್ಗದ ಎಪ್ಪತ್ತರ ಅಜ್ಜಿಗೆ ಮನೆಯೊಳಗೆ ಶೌಚಾಲಯ ಇದೆಯಾ ಅನ್ನೋದೂ ಆರೋಗ್ಯದ ಪ್ರಶ್ನೆಯೇ. ವಿಶ್ವಸಂಸ್ಥೆ 2021ರಿಂದ 2030ರ ತನಕ ಆರೋಗ್ಯಕರ ವೃದ್ಧಾಪ್ಯದ ದಶಕ ಅಂತ ಘೋಷಿಸಿದೆ. ದಶಕ ಮುಗೀತಾ ಬಂತು. ಗಣಿ ಕಾಲೊನಿಗಳನ್ನೂ ದತ್ತು ಪಟ್ಟಿಗೆ ಸೇರಿಸಿ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ ಒಂದು ಪತ್ರ ಬರೆಯೋಕೆ ನಮ್ಮ ಸಂಸದರಿಗೆ, ಶಾಸಕರಿಗೆ ಎಷ್ಟು ಹೊತ್ತು ಬೇಕು?

ಇನ್ನೊಂದು ತೊಡಕು ಭಾಷೆ. ಮೆಡಿಕಲ್ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಹೊರರಾಜ್ಯದವರು. ಕೆಜಿಎಫ್ ಕಾಲೊನಿಯಲ್ಲಿ ಮನೆಮಾತು ಹೆಚ್ಚಾಗಿ ತಮಿಳು, ಜೊತೆಗೆ ತೆಲುಗು, ಕನ್ನಡ. "ಎದೆ ಹಿಡಿದಂಗಾಗುತ್ತೆ" ಅನ್ನೋದನ್ನು ಇಂಗ್ಲಿಷ್‌ಗೆ ತರುವಷ್ಟರಲ್ಲಿ ಅರ್ಧ ರೋಗ ಕಳೆದುಹೋಗಿರುತ್ತೆ. ಇದಕ್ಕೆ ಪರಿಹಾರ ಟಮಕದಲ್ಲೇ ಇದೆ. ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರ ಅಲ್ಲೇ ಇರೋದು, ಕೋಲಾರ ಜಿಲ್ಲೆಯ ಡಿಗ್ರಿ ಕಾಲೇಜುಗಳು ಅದರ ಕೆಳಗೇ ಬರ್ತವೆ. ಅಲ್ಲಿ ಬಿ.ಎ., ಬಿ.ಕಾಂ. ಓದ್ತಿರೋ ಹುಡುಗ ಹುಡುಗಿಯರಲ್ಲಿ ಎಷ್ಟೋ ಜನ ಗಣಿ ಕಾರ್ಮಿಕರ ಮೊಮ್ಮಕ್ಕಳು. ಒಬ್ಬ ಮೆಡಿಕಲ್ ವಿದ್ಯಾರ್ಥಿ, ಒಬ್ಬ ಡಿಗ್ರಿ ವಿದ್ಯಾರ್ಥಿ, ಇಬ್ಬರೂ ಸೇರಿ ಮೂರು ಮನೆ. ಎನ್‌ಎಸ್‌ಎಸ್ ಹೆಸರಲ್ಲಿ ರಸ್ತೆ ಗುಡಿಸಿ ಫೋಟೊ ಹಾಕೋ ಬದಲು ಇದಕ್ಕೆ ಅಂಕ ಕೊಡಿ.

ನಾನು ಇಂಜಿನಿಯರಿಂಗ್ ಓದಿ ಈ ಕಡೆ ಬಂದಿರೋದು, ಅದಕ್ಕೇ ಇದನ್ನೂ ಹೇಳಿಬಿಡ್ತೀನಿ. ಕೊನೆಯ ವರ್ಷದ ಪ್ರಾಜೆಕ್ಟ್ ಅಂಗಡಿಯಲ್ಲಿ ರೆಡಿಮೇಡ್ ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋ ಗುಟ್ಟು. ಕೆಜಿಎಫ್‌ನಲ್ಲೇ ಇಂಜಿನಿಯರಿಂಗ್ ಕಾಲೇಜು ಇದೆ. ದಿಬ್ಬದ ಬುಡದ ಬೀದಿಯಲ್ಲಿ ಗಾಳಿಯ ಧೂಳು ಅಳೆಯುವ ಪೆಟ್ಟಿಗೆ ಇಟ್ಟು, ಗಾಳಿ ಜೋರಾಗಿ ಬೀಸುವ ದಿನ ಮನೆಯವರಿಗೆ ಮೆಸೇಜ್ ಕಳಿಸೋದು ನಾಲ್ಕು ಹುಡುಗರು ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ನಾಳೆ ದಿಬ್ಬ ಅಗೆಯೋಕೆ ಶುರುಮಾಡಿದರೆ, ಮೊದಲು ಧೂಳು ಎಷ್ಟಿತ್ತು, ಆಮೇಲೆ ಎಷ್ಟಾಯ್ತು ಅಂತ ಹೇಳೋಕೆ ಊರಿನವರ ಕೈಯಲ್ಲಿ ಅಂಕಿ ಇರುತ್ತೆ.

ಅಂಕಿಯ ಬೆಲೆ ಏನು ಅಂತ ರಾಜಸ್ಥಾನದವರನ್ನು ಕೇಳಿ. ಅಲ್ಲಿ 2019ರಲ್ಲಿ ಸಿಲಿಕೋಸಿಸ್‌ಗೆ ಅಂತಲೇ ಒಂದು ನೀತಿ ತಂದರು. ಕಾಯಿಲೆ ದೃಢಪಟ್ಟರೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಮನೆಯವರಿಗೆ 2 ಲಕ್ಷ, ಮೇಲೆ ಪಿಂಚಣಿ. ಆದರೆ ಎಲ್ಲವೂ ನಿಂತಿರೋದು ವೈದ್ಯರ ಮಂಡಳಿ ಕೊಡುವ ಒಂದು ಪ್ರಮಾಣಪತ್ರದ ಮೇಲೆ. ಇಲ್ಲೂ ಅಂಥ ನೀತಿ ಬೇಕು ಅಂತ ವಿಧಾನಸೌಧದ ಬಾಗಿಲು ಬಡಿಯೋಕೆ ಹೋದರೆ ಮೊದಲು ಕೇಳೋ ಪ್ರಶ್ನೆ, "ಎಷ್ಟು ಜನ ಇದ್ದಾರೆ?" ಅಂತ. ಆಗ ಮುಂದೆ ಇಡೋಕೆ ಆ ಲೆಡ್ಜರ್ ಬೇಕು.

ಅಲ್ಲಿಯವರೆಗೆ ಕಾಯಬೇಡಿ. ಕೆಜಿಎಫ್, ಬಂಗಾರಪೇಟೆ ಕಡೆ ಈ ಕಾರ್ಯಕ್ರಮ ನೋಡ್ತಿರೋರಿಗೆ ನನ್ನದೊಂದು ಮನವಿ. ನಿಮ್ಮ ತಂದೆಯೋ ತಾತನೋ ಗಣಿಯೊಳಗೆ ಕೆಲಸ ಮಾಡಿದ್ದರೆ, ಟ್ರಂಕಿನಲ್ಲಿರುವ ಹಳೆಯ ಎಕ್ಸ್‌ರೇ, ಸರ್ವಿಸ್ ಕಾಗದ, ಗುರುತಿನ ಚೀಟಿ ಯಾವುದನ್ನೂ ಎಸೆಯಬೇಡಿ. ಕೆಮ್ಮು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದಾಗ, ಡಾಕ್ಟರ್ ಕೇಳಲಿ ಬಿಡಲಿ, ಮೊದಲ ಮಾತಿಗೇ ಹೇಳಿ: "ಸಾರ್, ಇವರು ಇಷ್ಟು ವರ್ಷ ಗಣಿಯೊಳಗೆ ಕೆಲಸ ಮಾಡಿದ್ದಾರೆ, ಚೀಟಿಯಲ್ಲಿ ಅದನ್ನು ಬರೀರಿ." ಬರೆಯೋ ತನಕ ಕುರ್ಚಿಯಿಂದ ಏಳಬೇಡಿ.