ಎರಡು ಟಿಕೆಟ್ಟುಗಳ ನಡುವಿನ ಹೊತ್ತು



ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ನಿಮ್ಮಲ್ಲಿ ಅನೇಕರಿಗೆ ಪರಿಚಿತ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿಯ ಕಡೆಗೆ ಹಳಿ ಕವಲೊಡೆಯುವುದು ಅಲ್ಲಿಯೇ. ಒಂದು ರೈಲಿನಿಂದ ಇಳಿದು, ಗಂಟುಮೂಟೆ ಹೊತ್ತು, ಇನ್ನೊಂದು ರೈಲಿಗಾಗಿ ಪ್ಲಾಟ್‌ಫಾರಂ ಮೇಲೆ ಕಾದು ಕುಳಿತ ಅನುಭವ ನಮ್ಮ ಜಿಲ್ಲೆಯ ಹಿರಿಯರಿಗೆ ಹೊಸದಲ್ಲ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿಹೋದರೆ ಅಷ್ಟೇನೂ ಗಾಬರಿ ಇರುತ್ತಿರಲಿಲ್ಲ. ಮುಂದಿನ ರೈಲಿಗೆ ಕಾಯಬೇಕು, ಇಲ್ಲವೇ ಬಸ್ಸು ಹಿಡಿಯಬೇಕು. ನಷ್ಟವೆಂದರೆ ಅರ್ಧ ದಿನ, ಒಂದಿಷ್ಟು ದುಡ್ಡು.

ಇಂದು ಅದೇ ಮನೆಗಳ ಮಕ್ಕಳು ಪರದೇಶಗಳಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಗನ ಹುಟ್ಟುಹಬ್ಬಕ್ಕೆಂದೋ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ತಂದೆ ತಾಯಿ ವಿಮಾನ ಹತ್ತುತ್ತಾರೆ. ಟಿಕೆಟ್ಟು ಕೊಳ್ಳುವವರು ಮಕ್ಕಳು. ಒಂದು ಸಂಸ್ಥೆಯಲ್ಲಿ ದೆಹಲಿಯವರೆಗೆ, ಇನ್ನೊಂದು ಸಂಸ್ಥೆಯಲ್ಲಿ ಅಲ್ಲಿಂದ ಮುಂದಕ್ಕೆ ಹೀಗೆ ಬೇರೆ ಬೇರೆಯಾಗಿ ಕೊಂಡರೆ ಎಷ್ಟೋ ಸಲ ಹಣ ಉಳಿಯುತ್ತದೆ. ನಡುವೆ ಐದಾರು ಗಂಟೆ ಬಿಡುವಿದ್ದರೆ ಸಾಕಲ್ಲವೇ ಎಂದು ಎಲ್ಲರೂ ಭಾವಿಸುತ್ತಾರೆ. ಸಾಕೇ? ನನ್ನ ಅಕ್ಕ ಭಾವಂದಿರಿಗೆ ಆದದ್ದನ್ನು ಮೊದಲು ಹೇಳುತ್ತೇನೆ.

ಅವರು ಹೊಳಲ್ಕೆರೆಯವರು. ಅಮೆರಿಕೆಯಲ್ಲಿರುವ ಮಗಳಿಗೆ ದಿನ ತುಂಬುತ್ತಿತ್ತು. ಬೆಂಗಳೂರಿನಿಂದ ದೆಹಲಿಗೆ ಒಂದು ಟಿಕೆಟ್ಟು, ದೆಹಲಿಯಿಂದ ಅಮೆರಿಕೆಗೆ ಮತ್ತೊಂದು. ಬಿಡುವು ಐದು ಗಂಟೆ. ಜನವರಿಯ ಮಂಜಿನಿಂದಾಗಿ ಮೊದಲ ವಿಮಾನ ಮೂರು ಗಂಟೆ ಇಪ್ಪತ್ತು ನಿಮಿಷ ತಡವಾಗಿ ಇಳಿಯಿತು. ಪೆಟ್ಟಿಗೆಗಳು ಬರಲು ಮೂವತ್ತೈದು ನಿಮಿಷ. ಹೊರಗೆ ಬಂದು, ಲಿಫ್ಟಿನಲ್ಲಿ ಮೇಲೇರಿ, ಬಾಗಿಲಲ್ಲಿ ಟಿಕೆಟ್ಟು, ಪಾಸ್‌ಪೋರ್ಟು ತೋರಿಸಿ ಒಳಹೋಗಲು ಕಾಲು ಗಂಟೆ. ಕೌಂಟರ್ ತಲುಪಿದಾಗ ವಿಮಾನ ಹೊರಡಲು ಇನ್ನೂ ಐವತ್ತು ನಿಮಿಷವಿತ್ತು. ಆದರೆ ಕೌಂಟರ್ ಮುಚ್ಚುವುದು ಒಂದು ಗಂಟೆ ಮೊದಲು. ಹತ್ತು ನಿಮಿಷದಲ್ಲಿ ಎಲ್ಲವೂ ಕೈತಪ್ಪಿತ್ತು.

ಮೊದಲ ಸಂಸ್ಥೆಯವರು, "ನಿಮ್ಮನ್ನು ದೆಹಲಿಗೆ ತಲುಪಿಸಿದ್ದೇವೆ" ಎಂದರು. ಎರಡನೆಯವರು, "ನಮ್ಮ ವಿಮಾನ ಸರಿಯಾದ ಸಮಯಕ್ಕೇ ಹೊರಟಿದೆ, ನೀವು ಬರಲಿಲ್ಲ" ಎಂದರು. ಇಬ್ಬರ ಮಾತೂ ನಿಯಮದ ಪ್ರಕಾರ ಸರಿಯೇ. ಹೊಸ ಟಿಕೆಟ್ಟಿಗೆ ತೆತ್ತದ್ದು ಉಳಿಸಿದ್ದರ ಹಲವು ಪಟ್ಟು. ಅಕ್ಕ ತಲುಪುವಷ್ಟರಲ್ಲಿ ಮೊಮ್ಮಗಳು ಹುಟ್ಟಿ ಒಂದು ದಿನವಾಗಿತ್ತು. ತಾಯಿ ಮಗು ಕ್ಷೇಮ. ಆದರೂ, "ದುಡ್ಡು ಹೋಗಲಿ ಬಿಡು, ಆ ರಾತ್ರಿ ನಾನು ಅವಳ ಪಕ್ಕದಲ್ಲಿರಲಿಲ್ಲವಲ್ಲ" ಎಂದು ಅಕ್ಕ ಈಗಲೂ ಹೇಳುತ್ತಾರೆ.

ಇದರಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ ಒಂದೇ. ಬೇರೆ ಬೇರೆ ಟಿಕೆಟ್ಟುಗಳಿದ್ದಾಗ, ಮೊದಲ ವಿಮಾನದಿಂದ ಇಳಿದು ಎರಡನೆಯದರ ಕೌಂಟರ್ ತಲುಪುವವರೆಗೆ ನೀವು ಯಾವ ಸಂಸ್ಥೆಯ ಪ್ರಯಾಣಿಕರೂ ಅಲ್ಲ. ಎರಡು ಪ್ರಯಾಣಗಳನ್ನು ಬೆಸೆಯುವ ಕೊಂಡಿ ನೀವೊಬ್ಬರೇ. ಒಂದೇ ಟಿಕೆಟ್ಟಾಗಿದ್ದರೆ ಮೊದಲ ವಿಮಾನ ತಡವಾದಾಗ ಮುಂದಿನ ವಿಮಾನದಲ್ಲಿ ಜಾಗ ಹುಡುಕಿಕೊಡುವ ಹೊಣೆ ಸಂಸ್ಥೆಯದು. ಎರಡಾದರೆ ಹೊಣೆ ನಿಮ್ಮದು. ರೈಲ್ವೆಯಲ್ಲಿ 2019ರ ಏಪ್ರಿಲ್ 1ರಿಂದ ಎರಡು ಪಿಎನ್ಆರ್‌ಗಳನ್ನು ಜೋಡಿಸುವ ಅನುಕೂಲವಿದೆ. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ ಬಳಸದ ಟಿಕೆಟ್ಟಿನ ಹಣ ಮರಳಿ ಸಿಗುತ್ತದೆ. ಬೇರೆ ಬೇರೆಯಾಗಿ ಕೊಂಡ ವಿಮಾನದ ಟಿಕೆಟ್ಟುಗಳಿಗೆ ಇಂಥ ಜೋಡಣೆ ಇಲ್ಲ.

ಹಾಗಾದರೆ ನಿಮ್ಮ ಕೈಯಲ್ಲಿರುವುದು ಒಂದು ಟಿಕೆಟ್ಟೋ ಎರಡೋ ಎಂದು ತಿಳಿಯುವುದು ಹೇಗೆ? 2008ರ ಜೂನ್ 1ರಿಂದ ವಿಮಾನ ಸಂಸ್ಥೆಗಳು ಕಾಗದದ ಟಿಕೆಟ್ಟನ್ನು ಕೈಬಿಟ್ಟು ಇ-ಟಿಕೆಟ್ಟಿಗೆ ಬಂದಿವೆ. ಮಕ್ಕಳು ಕಳುಹಿಸುವ ಮುದ್ರಿತ ಹಾಳೆಯಲ್ಲಿ ನಿಮ್ಮ ಹೆಸರಿನ ಮುಂದೆ 13 ಅಂಕಿಗಳ ಟಿಕೆಟ್ ಸಂಖ್ಯೆ ಇರುತ್ತದೆ. ಅದರ ಮೊದಲ ಮೂರು ಅಂಕಿಗಳು ಸಂಸ್ಥೆಯ ಗುರುತು. ಎರಡು ವಿಮಾನಗಳಿಗೆ ಬೇರೆ ಬೇರೆ ಮೂರಂಕಿಯಿಂದ ಆರಂಭವಾಗುವ ಸಂಖ್ಯೆಗಳಿದ್ದರೆ ಅವು ಬೇರೆ ಟಿಕೆಟ್ಟುಗಳೆಂದು ತಿಳಿಯಿರಿ. ಒಂದೇ ಜಾಲತಾಣದಲ್ಲಿ, ಒಂದೇ ಸಲ ಹಣ ಕಟ್ಟಿದ ಮಾತ್ರಕ್ಕೆ ಒಂದು ಟಿಕೆಟ್ಟು ಎಂದಾಗುವುದಿಲ್ಲ. ಸೆಲ್ಫ್ ಟ್ರಾನ್ಸ್‌ಫರ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ, ನಡುವಿನ ಬದಲಾವಣೆ ನಿಮ್ಮ ಪಾಡು ಎಂದೇ ಅರ್ಥ.

ಈಗ ಸಾಮಾನಿನ ವಿಷಯ. ಬೇರೆ ಟಿಕೆಟ್ಟುಗಳಾದರೆ ಸಾಮಾನ್ಯವಾಗಿ ಪೆಟ್ಟಿಗೆ ತಾನಾಗಿ ಮುಂದೆ ಹೋಗುವುದಿಲ್ಲ. ನೀವೇ ಅದನ್ನು ಪಡೆದು, ಹೊರಗೆ ತಂದು, ಎರಡನೆಯ ಕೌಂಟರಿನಲ್ಲಿ ಮತ್ತೆ ಕೊಡಬೇಕು. ಕೆಲವು ಸಂಸ್ಥೆಗಳ ನಡುವೆ ಒಪ್ಪಂದವಿದ್ದು ಕೊನೆಯ ಊರಿನವರೆಗೆ ಚೀಟಿ ಅಂಟಿಸಿಕೊಡುವುದುಂಟು. ಕೇಳಿ ನೋಡಿ, ಅದನ್ನೇ ನಂಬಿ ಹೊರಡಬೇಡಿ. ತೂಕದಲ್ಲಿಯೂ ವ್ಯತ್ಯಾಸವಿದೆ. ದೇಶದೊಳಗಿನ ಸಾಮಾನ್ಯ ದರ್ಜೆಯಲ್ಲಿ ಒಬ್ಬರಿಗೆ 15 ಕಿಲೋ ಎಂಬುದು ಬಳಕೆಯ ಮಿತಿ. ಅಮೆರಿಕೆಯ ಕಡೆಯ ವಿಮಾನಗಳಲ್ಲಿ 23 ಕಿಲೋದ ಎರಡು ಪೆಟ್ಟಿಗೆಗಳಿಗೆ ಅವಕಾಶವಿರುವುದುಂಟು. ದೊಡ್ಡ ಮಿತಿಯನ್ನು ನೋಡಿ ತುಂಬಿದರೆ ಬೆಂಗಳೂರಿನಲ್ಲಿಯೇ ಕಿಲೋ ಲೆಕ್ಕದಲ್ಲಿ ಹೆಚ್ಚುವರಿ ಹಣ ತೆರಬೇಕಾದೀತು. ಉಳಿಸಿದ ಹಣ ಅಲ್ಲಿಯೇ ಕರಗಲು ಆರಂಭ.

ನಮ್ಮದು ತೆಂಗಿನ ನಾಡು. ಮಗಳಿಗೆಂದು ಒಣಕೊಬ್ಬರಿ ಕಟ್ಟಿಕೊಳ್ಳದ ತಾಯಿ ಹೊಸದುರ್ಗದಲ್ಲಿ, ಹಿರಿಯೂರಿನಲ್ಲಿ ಸಿಗುವುದು ಕಷ್ಟ. ಆದರೆ ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ವಿಶ್ವಸಂಸ್ಥೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ 1363ನೆಯ ಸಂಖ್ಯೆಯಲ್ಲಿದೆ. ಪೆಟ್ಟಿಗೆಯಲ್ಲಿ ಕಂಡರೆ ತೆಗೆಸುತ್ತಾರೆ. ಎರಡು ಟಿಕೆಟ್ಟುಗಳೆಂದರೆ ಎರಡು ತಪಾಸಣೆ, ಪೆಟ್ಟಿಗೆ ಬಿಚ್ಚಿ ಕಟ್ಟುವುದರಲ್ಲಿ ಅಮೂಲ್ಯ ಸಮಯ ಹೋಗುತ್ತದೆ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ. ಮೊಬೈಲಿನ ಪವರ್ ಬ್ಯಾಂಕ್ ಕೈಚೀಲದಲ್ಲಿಯೇ ಇರಲಿ, ಪೆಟ್ಟಿಗೆಯಲ್ಲಿ ಬೇಡ.

ಬದಲಾಯಿಸುವ ಊರು ಪರದೇಶದ್ದಾದರೆ ಇನ್ನೊಂದು ಎಚ್ಚರ ಅಗತ್ಯ. ಪೆಟ್ಟಿಗೆ ಪಡೆಯಲು ಆ ದೇಶದ ವಲಸೆ ತಪಾಸಣೆ ದಾಟಿ ಹೊರಬರಬೇಕು. ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ವೀಸಾ ಇಲ್ಲವೆಂದು ಬೆಂಗಳೂರಿನಲ್ಲಿಯೇ ಹತ್ತಿಸದೆ ಇರಬಹುದು. ಟಿಕೆಟ್ಟು ಕೊಳ್ಳುವ ಮೊದಲೇ ಇದನ್ನು ವಿಚಾರಿಸಬೇಕು. ಇನ್ನು ಅಮೆರಿಕೆಯಲ್ಲಿ ಒಂದೇ ಟಿಕೆಟ್ಟಿದ್ದರೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲಿಯೇ ಪೆಟ್ಟಿಗೆ ಪಡೆದು ಮತ್ತೆ ಒಪ್ಪಿಸಬೇಕು.

ಹಿರಿಯರಿಗಾಗಿ ಗಾಲಿಕುರ್ಚಿ ಕೇಳುವವರು ಒಂದು ಮಾತು ಗಮನಿಸಿ. ಅದನ್ನು ಎರಡೂ ಟಿಕೆಟ್ಟುಗಳಲ್ಲಿ ಬೇರೆ ಬೇರೆಯಾಗಿ ಕೇಳಬೇಕು. ಮೊದಲ ಸಂಸ್ಥೆಯ ಸಹಾಯಕ ನಿಮ್ಮನ್ನು ಹೊರಬಾಗಿಲವರೆಗೆ ಬಿಟ್ಟು ಹೋಗುತ್ತಾನೆ. ಎರಡನೆಯ ಸಂಸ್ಥೆಯ ನೆರವು ಅದರ ಕೌಂಟರ್ ಬಳಿಯಿಂದ ಆರಂಭ. ನಡುವಿನ ದಾರಿ ನಿಮ್ಮದೇ. ಕೆಲವು ಕಡೆ ಆ ದಾರಿ ಚಿಕ್ಕದೂ ಅಲ್ಲ. ಮುಂಬೈಯಲ್ಲಿ ಒಂದನೆಯ ಮತ್ತು ಎರಡನೆಯ ಟರ್ಮಿನಲ್‌ಗಳ ನಡುವೆ, ದೆಹಲಿಯಲ್ಲಿ ಒಂದನೆಯ ಮತ್ತು ಮೂರನೆಯ ಟರ್ಮಿನಲ್‌ಗಳ ನಡುವೆ ಕೆಲವು ಕಿಲೋಮೀಟರ್‌ಗಳ ರಸ್ತೆಯಿದೆ. ಬೆಂಗಳೂರಿನ ಅಂತಾರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್ 12ರಂದು ಎರಡನೆಯ ಟರ್ಮಿನಲ್‌ಗೆ ಸ್ಥಳಾಂತರಗೊಂಡವು. ಇಳಿಯುವುದು ಎಲ್ಲಿ, ಹತ್ತುವುದು ಎಲ್ಲಿ ಎಂಬುದನ್ನು ಮೊದಲೇ ಹಾಳೆಯಲ್ಲಿ ಬರೆದುಕೊಳ್ಳಿ.

ಬಿಡುವು ತೀರ ಹೆಚ್ಚಾದರೂ ತೊಂದರೆಯುಂಟು. ನಮ್ಮ ದೇಶದ ನಿಲ್ದಾಣಗಳಲ್ಲಿ ಟಿಕೆಟ್ಟು ತೋರಿಸದೆ ಒಳಗೆ ಬಿಡುವುದಿಲ್ಲ. ಬಹಳ ಮೊದಲೇ ಹೋದರೆ ಬಾಗಿಲಲ್ಲಿಯೇ ತಡೆಯಬಹುದು. ಅಂತಾರಾಷ್ಟ್ರೀಯ ಕೌಂಟರುಗಳು ತೆರೆಯುವುದು ಸಾಮಾನ್ಯವಾಗಿ ಮೂರು ನಾಲ್ಕು ಗಂಟೆ ಮೊದಲು ಮಾತ್ರ. ಅಲ್ಲಿಯವರೆಗೆ ಪೆಟ್ಟಿಗೆಗಳನ್ನು ನೀವೇ ಕಾಯಬೇಕು. ಆದ್ದರಿಂದ ಬಿಡುವು ಹತ್ತು ಹನ್ನೆರಡು ಗಂಟೆ ಮೀರಿದರೆ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದು, ಮಲಗಿ ಎದ್ದು ಹೋಗುವುದು ಲೇಸು. ನನ್ನ ಅಭಿಪ್ರಾಯದಲ್ಲಿ ಹಿರಿಯರು ಎರಡನೆಯ ಟಿಕೆಟ್ಟಿನ ಹಿಂದಿನ ದಿನವೇ ಆ ಊರು ತಲುಪಿಬಿಡಬೇಕು. ಡಿಸೆಂಬರ್, ಜನವರಿಯಲ್ಲಿ ದೆಹಲಿಯ ಮೂಲಕ ಹೋಗುವವರಿಗಂತೂ ಇದು ಕಡ್ಡಾಯವೆಂದೇ ಹೇಳುತ್ತೇನೆ. ಅದೇ ದಿನ ಹೋಗಲೇಬೇಕಾದರೆ ಬೆಳಗಿನ ಮೊದಲ ವಿಮಾನ ಹಿಡಿಯಿರಿ. ಅದು ರದ್ದಾದರೆ ಹಿಂದೆ ಇನ್ನೊಂದು ಇರುತ್ತದೆ.

ಕಾಯುವ ಹೊತ್ತಿನಲ್ಲಿ ಔಷಧಿ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಇನ್ಸುಲಿನ್ ಪೆಟ್ಟಿಗೆಗೆ ಹಾಕಬೇಡಿ, ಸಾಮಾನಿನ ಕೋಣೆಯ ತಂಪಿಗೆ ಅದು ಕೆಡಬಹುದು. ಚಪಾತಿ, ಚಟ್ನಿಪುಡಿಯ ಬುತ್ತಿ ಇದ್ದರೆ ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ ಎರಡೂ ಆಗುತ್ತವೆ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಇಲ್ಲವಾದರೆ ಕಾಲು ಬಾತುಕೊಳ್ಳುತ್ತವೆ.

ಇಷ್ಟಾದ ಮೇಲೂ ಮೊದಲ ವಿಮಾನ ತಡವೆಂದು ತಿಳಿದರೆ ಏನು ಮಾಡಬೇಕು? ಇಳಿಯುವವರೆಗೆ ಕಾಯಬೇಡಿ. ಹೊರಡುವ ನಿಲ್ದಾಣದಿಂದಲೇ ಎರಡನೆಯ ಸಂಸ್ಥೆಗೆ ಫೋನ್ ಮಾಡಿ, ಇಲ್ಲವೇ ಮಕ್ಕಳಿಂದ ಮಾಡಿಸಿ. ವಿಮಾನ ಹೊರಡುವ ಮೊದಲು ದಿನಾಂಕ ಬದಲಿಸಿಕೊಂಡರೆ ದಂಡ ಮತ್ತು ದರದ ವ್ಯತ್ಯಾಸದಲ್ಲಿ ಮುಗಿಯಬಹುದು. ಹೊರಟ ಮೇಲೆ ನೀವು ನೋ ಶೋ, ಅಂದರೆ ಬಾರದ ಪ್ರಯಾಣಿಕರು. ಆಗ ಟಿಕೆಟ್ಟಿನ ಹಣ ಹೋಗುವುದಲ್ಲದೆ, ಅದೇ ಟಿಕೆಟ್ಟಿನಲ್ಲಿರುವ ಹಿಂದಿರುಗುವ ಪ್ರಯಾಣವನ್ನೂ ಅನೇಕ ಸಂಸ್ಥೆಗಳು ರದ್ದು ಮಾಡುತ್ತವೆ. ಇದು ಬಹಳ ಜನರಿಗೆ ತಿಳಿಯದ ವಿಷಯ. ಮೊದಲ ಸಂಸ್ಥೆಯಿಂದ ವಿಮಾನ ತಡವಾದುದಕ್ಕೆ ಲಿಖಿತ ಪತ್ರ ಪಡೆಯಿರಿ, ಪ್ರವಾಸ ವಿಮೆಗೆ ಅದು ಬೇಕಾಗುತ್ತದೆ. ವಿಮೆಯ ಪತ್ರವನ್ನೂ ಮೊದಲೇ ಓದಿರಿ. ಬೇರೆ ಬೇರೆ ಟಿಕೆಟ್ಟುಗಳ ನಡುವಿನ ನಷ್ಟವನ್ನು ಕೆಲವು ವಿಮೆಗಳು ಒಪ್ಪುವುದಿಲ್ಲ.

ಇನ್ನು ನಮ್ಮ ಊರಿನ ದಾರಿ. ನಮ್ಮ ಈ ನಾಲ್ಕು ಊರುಗಳಲ್ಲಿ ವಿಮಾನ ನಿಲ್ದಾಣವಿಲ್ಲ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ಶಿವಮೊಗ್ಗದ ನಿಲ್ದಾಣ ಹೊಳಲ್ಕೆರೆಯವರಿಗೆ ಹತ್ತಿರವೆನಿಸಬಹುದು. ಆದರೆ ಅಲ್ಲಿಂದ ಹೊರಡುವ ವಿಮಾನಗಳು ಕೆಲವೇ, ಒಂದು ರದ್ದಾದರೆ ಬದಲಿ ದಾರಿ ಕಡಿಮೆ. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್, ಹಿರಿಯೂರಿನಿಂದ ಸುಮಾರು 160. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಂದು, ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ನಗರದ ವಾಹನ ದಟ್ಟಣೆ ತಪ್ಪುತ್ತದೆ. ಯೋಚಿಸಿ ನೋಡಿದರೆ ಈ ರಸ್ತೆಯ ಪ್ರಯಾಣವೂ ಒಂದು ಬೇರೆ ಟಿಕೆಟ್ಟೇ. ಟೈರು ಪಂಕ್ಚರ್ ಆಯಿತೆಂದು ವಿಮಾನ ಕಾಯುವುದಿಲ್ಲ. ಹೀಗೆ ಒಂದು ಕೊಂಡಿಯನ್ನು ನಾವು ಈಗಾಗಲೇ ಹೊತ್ತಿರುವಾಗ, ಅದರ ಮೇಲೆ ಇನ್ನೊಂದನ್ನು ಹೊರಬೇಕೇ? ಸಾಧ್ಯವಿದ್ದಷ್ಟೂ ಬೆಂಗಳೂರಿನಿಂದ ಕೊನೆಯ ಊರಿನವರೆಗೆ ಒಂದೇ ಟಿಕೆಟ್ಟು ಇರಲಿ.

ಆದ್ದರಿಂದ ಮುಂದಿನ ಸಲ ಮಗನೋ ಮಗಳೋ ಫೋನಿನಲ್ಲಿ, "ಅಪ್ಪಾಜಿ, ಕಡಿಮೆಗೆ ಟಿಕೆಟ್ಟು ಸಿಕ್ಕಿದೆ" ಎಂದಾಗ ಸಂಕೋಚಪಡದೆ ಮೂರು ಪ್ರಶ್ನೆ ಕೇಳಿ. ಇದು ಒಂದೇ ಟಿಕೆಟ್ಟೋ, ಎರಡೋ? ನಡುವೆ ಪೆಟ್ಟಿಗೆ ಹೊರುವವರು ಯಾರು? ಮೊದಲನೆಯದು ತಡವಾದರೆ ಎರಡನೆಯದಕ್ಕೆ ಹೊಣೆ ಯಾರು? ಹೆಚ್ಚುವರಿ ತೂಕ, ಕೋಣೆಯ ಬಾಡಿಗೆ, ಊಟ, ವೀಸಾ ಇವನ್ನೆಲ್ಲ ಕಳೆದ ಮೇಲೂ ನಿಜವಾಗಿ ಹಣ ಉಳಿಯುವುದಾದರೆ, ಕೈಯಲ್ಲಿ ಒಂದು ದಿನದ ಬಿಡುವಿಟ್ಟುಕೊಂಡು ಧಾರಾಳವಾಗಿ ಹೋಗಿ. ಇಲ್ಲವಾದರೆ, "ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ ಮಗಳೇ, ಒಂದೇ ಟಿಕೆಟ್ಟು ಮಾಡಿಸು" ಎಂದು ಹೇಳಿ. ಬೇಕಾದ ಹೊತ್ತಿಗೆ ನೀವು ಪಕ್ಕದಲ್ಲಿರುವುದೇ ಅವರಿಗೆ ಮುಖ್ಯ.