ಹೊಗೆಸೊಪ್ಪಿನ ಹದ



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೇಯಿಸುವವರಿಗೆಲ್ಲ ಗೊತ್ತು: ಬ್ಯಾರನ್ನಿನಲ್ಲಿ ಒಣಗಿದ ಎಲೆ ಮುಟ್ಟಿದರೆ ಪುಡಿ, ರಾತ್ರಿಯ ತೇವ ಕುಡಿದ ಮೇಲೆ ಅದೇ ಎಲೆ ಬಟ್ಟೆಯಂತೆ ಮೃದು. ಕಾರಣವೇನು?

ಎಲೆಯಲ್ಲಿರುವ ಸೆಲ್ಯುಲೋಸ್, ಪೆಕ್ಟಿನ್‌ಗಳು ಪಾಲಿಮರ್‌ಗಳು, ಅಂದರೆ ಉದ್ದನೆಯ ಅಣುಸರಪಳಿಗಳು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಆರಿ, ಎಲೆ ತಣಿದಾಗ ಈ ಸರಪಳಿಗಳು ಗಾಜಿನಂತೆ ಬಿಗಿಯುತ್ತವೆ. ತೇವ ಒಳಹೊಕ್ಕರೆ ಸಡಿಲಗೊಳ್ಳುತ್ತವೆ.

ಆದ್ದರಿಂದ ಬೆಂಕಿ ಆರಿಸಿ, ಬ್ಯಾರನ್ ತಣಿದ ಮೇಲೆ ರಾತ್ರಿ ಬಾಗಿಲು, ಗಾಳಿಕಿಂಡಿಗಳನ್ನು ತೆರೆದಿಡಿ. ಎಲೆ ಬಾಗಬೇಕು, ನಡುದಂಟು ಮಾತ್ರ ‘ಟಕ್’ಎಂದು ಮುರಿಯಬೇಕು. ಆಗ ಇಳಿಸಿ. ತೇವ ಹೆಚ್ಚಾದರೆ ರಾಶಿಯಲ್ಲಿ ಬೂಷ್ಟು ಹಿಡಿಯುತ್ತದೆ. ಕಡಿಮೆಯಾದರೆ ಎಲೆ ನುಚ್ಚಾಗಿ ಹರಾಜಿನಲ್ಲಿ ಬೆಲೆ ಕಳೆಯುತ್ತದೆ. ಒಂದು ರಾತ್ರಿಯ ತಾಳ್ಮೆ ವರ್ಷದ ದುಡಿಮೆಯನ್ನು ಉಳಿಸೀತು.