ನಳಿಗೆಯೊಳಗ ಬ್ರಷ್ ಸಿಕ್ಕರ ಅವಸರ ಬ್ಯಾಡ್ರಿ

 

ಖಂಡೇ ಪೂಜೆ ಹತ್ತಿರ ಬಂತಂದ್ರ ಕುಡಗೋಲು, ಕೊಡ್ಲಿ, ಟ್ರ್ಯಾಕ್ಟರ್ ಎಲ್ಲಾ ತೊಳೀತೀವಿ. ಲೈಸೆನ್ಸ್ ಇದ್ದ ಮನ್ಯಾಗ ಬಾಯಿಂದ ಮದ್ದು ತುಂಬೋ ಹಳೇ ಬಂದೂಕೂ ಕಪಾಟಿನಿಂದ ಹೊರಗ ಬರ್ತೈತಿ. ಚುನಾವಣೆಗೆ ಠಾಣೆಯಾಗ ಜಮಾ ಮಾಡಿದ ಬಂದೂಕು ತಿಂಗಳುಗಟ್ಟಲೆ ಕೂತು ವಾಪಸ್ ಬಂದಾಗಲೂ ಅಷ್ಟೇ. ಅಜ್ಜ ತಂತಿ ಬ್ರಷ್ ಒಳಗ ಹಾಕ್ತಾರ. ಅದು ಹೊರಗ ಬರಂಗಿಲ್ಲ. "ತಮ್ಮಾ, ಒಂದೀಟು ಜಗ್ಗು ಬಾ" ಅಂತ ನಿಮ್ಮನ್ನ ಕರೀತಾರ. ಆಗ ಏನ್ ಮಾಡ್ಬೇಕು, ಏನ್ ಮಾಡಬಾರದು? ಇವತ್ತಿನ ಮಾತು ಅದು.

ಮೊದಲು, ಬ್ರಷ್ ಯಾಕ ಸಿಗ್ತೈತಿ? ಒಳಗ ಹೋಗುವಾಗ ಅದರ ತಂತಿಗಳು ಹಿಂದಕ್ಕ ಬಾಗಿರ್ತಾವ. ವಾಪಸ್ ಎಳೆದರ ಅವು ಉಲ್ಟಾ ಹೊರಳಬೇಕು. ನಳಿಗೆ ಇಕ್ಕಟ್ಟಾಗಿದ್ರ ಹೊರಳಾಕ ಜಾಗಾ ಇರಂಗಿಲ್ಲ. ಕೆಲವು ಬಂದೂಕಿನಾಗ ಬುಡದ ಭಾಗ ಇನ್ನೂ ಸಣ್ಣದಿರ್ತೈತಿ. ಅಲ್ಲಿ ಹೋದ ಬ್ರಷ್ ಗಟ್ಟಿ ಕೂತುಬಿಡ್ತೈತಿ.

ಜಗ್ಗೋಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳ್ರಿ: ಒಳಗ ಮದ್ದು ಐತೇನು? "ಇಲ್ಲ" ಅನ್ನೋ ಬಾಯಿಮಾತು ಸಾಲದು. ನಿಪ್ಪಲ್ ಮ್ಯಾಲ ಕೇಪು ಇಲ್ಲ ಅಂತ ಲೈಸೆನ್ಸುದಾರರೇ ನೋಡಬೇಕು. ಬಾಯಿ ಯಾರ ಕಡೆಗೂ ಇರಬಾರದು, ಎಳೆಯೋರ ಮುಖದ ಕಡೆಗಂತೂ ಇರಲೇಬಾರದು. ಗಜ, ಅಂದ್ರ ಬ್ರಷ್ ಹಿಡಿದ ಕೋಲು, ಎಷ್ಟು ಒಳಗ ಹೋಗೇತಿ ಅಂತ ಗುರುತು ಮಾಡಿ, ಹೊರಗಿನ ನಳಿಗೆಯ ಉದ್ದಕ್ಕ ಹೋಲಿಸಿ ನೋಡಬೇಕು. ಲೆಕ್ಕ ಕೂಡಲಿಲ್ಲ, ಅಥವಾ ಸ್ವಲ್ಪ ಅನುಮಾನ ಬಂತು ಅಂದ್ರ ಅಲ್ಲಿಗೇ ಬಿಡ್ರಿ. ಮುಂದಿನದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೆಲಸ. ಕರಿಮದ್ದಿನಾಗ ಪೊಟ್ಯಾಸಿಯಂ ನೈಟ್ರೇಟ್, ಗಂಧಕ, ಇದ್ದಿಲು ಇರ್ತಾವ. ನೀರು ಹಾಕಿದರ ಹಸಿ ಆಗ್ತೈತಿ, ಆದ್ರ ಒಣಗಿದ ಮ್ಯಾಲ ಮತ್ತ ಹತ್ತಿಕೊಳ್ಳಬಹುದು. ಹಂಗಾಗಿ ನೀರು ಹಾಕಿದೆವು ಅಂತ ಮೈಮರೀಬಾರದು.

ಖಾಲಿ ಅಂತ ಖಾತ್ರಿ ಆತು ಅನ್ರಿ. ನಳಿಗೆಗೆ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾಯಬೇಕು. ಆಮೇಲೆ ಗಜವನ್ನ ಬಲಕ್ಕ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ, ತಿರುವುತ್ತಾ ಮೆಲ್ಲಕ ಎಳೀಬೇಕು. ತಿರುವಿದಾಗ ತಂತಿಗಳು ಒಂದೇ ಕಡೆ ಮಲಗ್ತಾವ, ಬ್ರಷ್ ಸಡಿಲಾಗ್ತೈತಿ. ಎಡಕ್ಕ ತಿರುವಿದರ ಗಜದ ಮರೆ ಬಿಚ್ಚಿ, ಗಜ ಕೈಗೆ ಬಂದು ಬ್ರಷ್ ಒಳಗೇ ಉಳೀತೈತಿ.

ಹಂಗ ಬ್ರಷ್ ಒಳಗೇ ಉಳಿದರೂ ದಾರಿ ಐತಿ. ನಳಿಗೆಗಿಂತ ತುಸು ಸಣ್ಣ, ತೆಳು ಗೋಡೆಯ ತಾಮ್ರದ ಕೊಳವೆಯನ್ನ ಒಳಗ ಇಳಿಸಿ ಬ್ರಷ್ ಮ್ಯಾಲ ಒತ್ತತಾರ. ತಂತಿಗಳು ಕೊಳವೆಯೊಳಗ ಮಡಚಿ ಸಿಕ್ಕೊಂಡು ಬ್ರಷ್ ಅದರ ಜೊತಿಗೇ ಬರ್ತೈತಿ. ಅದೂ ಆಗಲಿಲ್ಲ ಅಂದ್ರ ನಳಿಗೆಯ ಬುಡ ಬಿಚ್ಚಬೇಕಾಗ್ತೈತಿ. ಅದು ಮನ್ಯಾಗ ಮಾಡೋ ಕೆಲಸ ಅಲ್ಲ.

ಈಗ ಮಾಡಬಾರದ್ದು ಕೇಳ್ರಿ. ಒಂದು, ಹಿಂದಿನಿಂದ ಮದ್ದು ಹಾಕಿ ಬ್ರಷ್ ಹಾರಿಸಾಕ ಹೋಗಬ್ಯಾಡ್ರಿ. ದಾರಿ ಕಟ್ಟಿದ ನಳಿಗೆ ಸೀಳಬಹುದು. ಎರಡು, ಬೆಂಕಿ ಹಿಡೀಬ್ಯಾಡ್ರಿ, ವೆಲ್ಡಿಂಗ್ ಅಂಗಡಿಗೆ ಒಯ್ಯಬ್ಯಾಡ್ರಿ. ಒಳಗ ಮದ್ದು ಉಳಿದಿದ್ರ ಕಾಯಿಸಿದ ಕೂಡ್ಲೇ ಹತ್ತಿಕೊಳ್ಳಬಹುದು. ಅಷ್ಟೇ ಅಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಬಂದೂಕು ರಿಪೇರಿ ಅಂಗಡಿ ನಡೆಸಾಕೂ ಲೈಸೆನ್ಸ್ ಬೇಕು. ಮೂರು, ಗಜಕ್ಕ ಹಗ್ಗ ಕಟ್ಟಿ ನಾಕು ಮಂದಿ ಎಳೆಯೋದು, ಅದನ್ನ ರೀಲ್ಸ್ ಮಾಡೋದು ಬ್ಯಾಡೇ ಬ್ಯಾಡ.

ಬೆಳೆ ಕಾಯಾಕ ಇಂಥ ಬಂದೂಕಿಗೆ ಲೈಸೆನ್ಸ್ ಕೊಡುವ ಅವಕಾಶ ಅದೇ ಕಾಯ್ದೆಯೊಳಗ ಐತಿ. ಆದ್ರ ಕಬ್ಬಿನ ಗದ್ದೆಗೆ ನುಗ್ಗಿದ ಹಂದಿ ಹೊಡೆಯಾಕ ಬಂದೂಕಿನ ಲೈಸೆನ್ಸ್ ಒಂದೇ ಸಾಲದು. ಅಲ್ಲಿ 1972ರ ವನ್ಯಜೀವಿ ಕಾಯ್ದೆ ಬರ್ತೈತಿ.

ಇನ್ನ ಮುಂದ ಬ್ರಷ್ ಸಿಗಬಾರದು ಅಂದ್ರ? ನಳಿಗೆಯ ಅಳತಿಗೆ ಸರಿಯಾದ ಬ್ರಷ್ಷೇ ತಗೊಳ್ಳಬೇಕು. ಕರಿಮದ್ದಿನ ಮಸಿ ತೇವ ಹೀರಿ ತುಕ್ಕು ಹಿಡಿಸ್ತೈತಿ. ಅದಕ್ಕ ಬಿಸಿನೀರು, ಸಾಬೂನು, ಬಟ್ಟೆ ಬಹಳಷ್ಟು ಸಲ ಸಾಕು. ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಿ ಇಡಬೇಕು.

ಅಜ್ಜ "ಜಗ್ಗು" ಅಂದಾಗ "ಅಜ್ಜಾ, ಮೊದಲು ಒಳಗ ಮದ್ದು ಐತೇನು ನೋಡೋಣ" ಅನ್ನಾಕ ಸಂಕೋಚ ಪಡಬ್ಯಾಡ್ರಿ. ಹಬ್ಬಕ್ಕಿಂತ ಮೊದಲು ಈ ಮಾತನ್ನ ಮನ್ಯಾಗ ಹಿರಿಯರಿಗೂ ಕೇಳಿಸ್ರಿ.